ಆಡೋದು ಮುಗಿದ್ಮೇಲೆ ಆಡ್ಸೋದು: ಹಾಸನದಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದು

ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತಗೊಂಡಿದೀನಿ ಅಂದ್ರೆ ನಮ್ಮ ಹಾಸನದಲ್ಲಿ ಜನ ಮೊದಲು ಕೇಳೋದು "ಬ್ಯಾಂಕಲ್ಲಾ, ರೈಲ್ವೇಲಾ?" ಅಂತ. ಕೇಳೋದು ಸರಿಯಾಗೇ ಇದೆ. ನಮ್ಮ ದೇಶದಲ್ಲಿ ಈ ಆಟ ಆಡ್ಕೊಂಡು ಬದುಕೋದು ಅಂದ್ರೆ ಇವತ್ತಿಗೂ ಹೆಚ್ಚುಕಮ್ಮಿ ಸ್ಪೋರ್ಟ್ಸ್ ಕೋಟಾನೇ. ರೈಲ್ವೇಸ್, ಸೇನೆಯ ಟೀಮ್ ಆದ ಸರ್ವೀಸಸ್, ಓಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನಮ್ಮ ಕರ್ನಾಟಕದಲ್ಲಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರ್ಕೊಂಡ ವಿಜಯಾ ಬ್ಯಾಂಕ್, ಇಂಥ ಟೀಮ್‌ಗಳಲ್ಲಿ ಪರ್ಮನೆಂಟ್ ಆದವರು ರಿಟೈರ್ ಆಗೋವರೆಗೂ ನೆಮ್ಮದಿಯಾಗಿರ್ತಾರೆ, ಉಳಿದವರು ಎಲ್ಲಾದ್ರೂ ಕಾಂಟ್ರಾಕ್ಟ್ ಮೇಲೆ ಆಡ್ತಾರೆ, ವರ್ಷ ಮುಗಿದ್ರೆ ರಿನ್ಯೂ ಆಗುತ್ತೋ ಇಲ್ವೋ ಅಂತ ಕಾಯ್ತಾರೆ. ನಾನು ಕಾಂಟ್ರಾಕ್ಟ್ ಕಡೆಯವನು. 2015ರಲ್ಲಿ ಯುಬಿಎ ಅನ್ನೋ ಪ್ರೊಫೆಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾದಾಗ ನಮ್ಮ ವಯಸ್ಸಿನ ಆಟಗಾರರಿಗೆಲ್ಲಾ ಜೀವ ಬಂದಂಗಾಯ್ತು, ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್ ಅಂತ 8 ಟೀಮ್, ಟಿವಿಯಲ್ಲಿ ಮ್ಯಾಚ್. ಅದೇ ವರ್ಷ ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್, ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಗೆ ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್‌ನಲ್ಲಿ 52ನೇ ಆಯ್ಕೆಯಾಗಿ ಡಲ್ಲಾಸ್‌ಗೆ ಹೋದ. ಇನ್ಮೇಲೆ ಎಲ್ಲಾ ಬದಲಾಗುತ್ತೆ ಅಂತ ನಾವು ರೂಮಲ್ಲಿ ಕೂತು ರಾತ್ರಿ ಎಲ್ಲಾ ಮಾತಾಡಿದ್ದುಂಟು. 2017ಕ್ಕೆ ಆ ಲೀಗ್ ನಿಂತೋಯ್ತು. ಆಡ್ತಿದ್ದ ಹುಡುಗರು ಒಬ್ಬೊಬ್ಬರು ಒಂದೊಂದು ಕಡೆ ಹೋದ್ರು, ಜಿಮ್ ಟ್ರೈನರ್, ಸ್ಕೂಲ್ ಪಿಟಿ ಮೇಷ್ಟ್ರು, ಇನ್ಷೂರೆನ್ಸ್.

ನನ್ನ ಆಟದ ಕಥೆ ಉದ್ದ ಎಳೆಯಲ್ಲ. ಆಲೂರು ಕಡೆಯ ಹಳ್ಳಿಯವನು, ಎಂಟನೇ ಕ್ಲಾಸಲ್ಲಿ ಸೆಲೆಕ್ಷನ್ ಆಗಿ ಬೆಂಗಳೂರಿನ ವಿದ್ಯಾನಗರ ಕ್ರೀಡಾ ಹಾಸ್ಟೆಲ್‌ಗೆ ಹೋದೆ, ಅಲ್ಲಿ ನಮ್ಮ ಕೋಚ್ ನನ್ನ ಎತ್ತರ ಇನ್ನು ಜಾಸ್ತಿ ಬರಲ್ಲ ಅಂತ ನೋಡ್ಕೊಂಡು, ಬಾಲ್ ತಗೊಂಡು ಹೋಗಿ ಆಟ ನಡೆಸೋ ಪಾಯಿಂಟ್ ಗಾರ್ಡ್ ಮಾಡಿದ್ರು, ಆಮೇಲೆ ಕ್ಲಬ್, ಸ್ಟೇಟ್, ಹೊರರಾಜ್ಯದ ಒಂದು ಡಿಪಾರ್ಟ್‌ಮೆಂಟ್ ಟೀಮ್. ಮೂವತ್ತು ದಾಟಿದ ಮೇಲೆ ಮೊಣಕಾಲು ಬೆಳಗ್ಗೆ ಎದ್ದ ತಕ್ಷಣ ಮಡಚೋದು ಕಷ್ಟ ಆಗೋಕೆ ಶುರುವಾಯ್ತು, ಕಾಂಟ್ರಾಕ್ಟೂ ಮುಗೀತು, ಊರಲ್ಲಿ ಅಮ್ಮ ಒಬ್ಬರೇ ಇದ್ರು. ವಾಪಸ್ ಬಂದೆ.

ನಾನು ಬರೀಬೇಕು ಅಂತಿರೋದು ಆಮೇಲಿಂದು. ಯಾಕಂದ್ರೆ ಆಡಿದವರಿಗೆ ಕೋಚಿಂಗ್ ತಾನಾಗೇ ಬರುತ್ತೆ ಅಂತ ಎಲ್ಲರೂ ತಿಳ್ಕೊಂಡಿದಾರೆ, ಆಡಿದವರೂ ಹಂಗೇ ತಿಳ್ಕೊಂಡಿದಾರೆ, ಅದು ಹಂಗಿಲ್ಲ.

ಮೊದಲು ಕಾಗದ ಪತ್ರದ ವಿಷಯ ಹೇಳ್ಬಿಡ್ತೀನಿ, ಈಗ ಆಡ್ತಿರೋ ಹುಡುಗ ಹುಡುಗೀರು ಗಮನ ಇಟ್ಟು ಓದಿ. ಕಾಲೇಜ್‌ನಲ್ಲಿ ಎರಡು ಥರದ ಕೆಲಸ ಇರುತ್ತೆ. ಒಂದು ಫಿಸಿಕಲ್ ಎಜುಕೇಷನ್ ಡೈರೆಕ್ಟರ್, ಅದಕ್ಕೆ ಯುಜಿಸಿ ನಿಯಮದ ಪ್ರಕಾರ ಶೇ. 55 ಅಂಕದ ಜೊತೆ ಎಂ.ಪಿ.ಎಡ್, ಅಂದ್ರೆ ಫಿಸಿಕಲ್ ಎಜುಕೇಷನ್‌ನಲ್ಲಿ ಮಾಸ್ಟರ್ಸ್ ಆಗಿರಬೇಕು, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸ್ ಆಗಿರಬೇಕು, ಇಲ್ಲಾಂದ್ರೆ ಪಿಎಚ್‌ಡಿ. ಇನ್ನೊಂದು ಒಂದು ಆಟಕ್ಕೆ ಮಾತ್ರ ಇರೋ ಕೋಚ್, ಅದು ಬಹುತೇಕ ಗೌರವಧನದ ಮೇಲೆ, ಮ್ಯಾನೇಜ್‌ಮೆಂಟ್ ಮನಸ್ಸಿದ್ರೆ ಉಂಟು. ನೀವು ನ್ಯಾಷನಲ್ ಆಡಿದ್ರೂ ಅಷ್ಟೇ, ಇಂಡಿಯಾ ಕ್ಯಾಂಪ್‌ಗೆ ಹೋಗಿದ್ರೂ ಅಷ್ಟೇ, ಎಂ.ಪಿ.ಎಡ್ ಇಲ್ಲದೆ ಮೊದಲನೇ ಕುರ್ಚಿ ಸಿಗಲ್ಲ. ನನ್ನ ಹತ್ರ ಇದ್ದಿದ್ದು ಬಿ.ಎ ಡಿಗ್ರಿ ಮತ್ತೆ ಒಂದು ಟ್ರಂಕ್ ತುಂಬ ಸರ್ಟಿಫಿಕೇಟು. ಆದ್ದರಿಂದ ಎನ್‌ಐಎಸ್, ಅಂದ್ರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ 6 ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡ್ಕೊಂಡು ಕೋಚ್ ಆಗೋ ದಾರಿ ಹಿಡಿದೆ. ಅದರ ಮೇಲೆ ಡಿಪ್ಲೊಮಾ ಇದೆ, ಅದು ಒಂದು ವರ್ಷದ್ದು, ಸರ್ಕಾರಿ ಕೋಚ್ ಆಗೋರಿಗೆ ಅದೇ ಬೇಕಾಗುತ್ತೆ.

ಪಟಿಯಾಲಾದಲ್ಲಿ ಎನ್‌ಐಎಸ್ ಇರೋದು ಹಳೇ ಮೋತಿ ಬಾಗ್ ಅರಮನೆಯಲ್ಲಿ. ಕಟ್ಟಡ ನೋಡಿದ್ರೆ ಕಣ್ಣು ತಿರುಗುತ್ತೆ, ಹೊರಗೆ ಬಿಸಿಲು ಅದಕ್ಕಿಂತ ಜಾಸ್ತಿ ತಿರುಗಿಸುತ್ತೆ, ಹಾಸನದ ತಂಪಲ್ಲಿ ಬೆಳೆದವನಿಗೆ ಅಲ್ಲಿನ ಬೇಸಿಗೆ ಅಂದ್ರೆ ಶಿಕ್ಷೆನೇ. ಅನಾಟಮಿ, ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್, ಸೈಕಾಲಜಿ, ಟ್ರೈನಿಂಗ್ ಮೆಥಡ್ಸ್ ಅಂತ ಕ್ಲಾಸು. ನನಗೆ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಟೀಚಿಂಗ್ ಲೆಸನ್. ಉಳಿದ ಟ್ರೈನೀಗಳನ್ನ ಸಾಲಾಗಿ ನಿಲ್ಲಿಸಿ, ಇವರಿಗೆ ಬಾಲ್ ಮುಟ್ಟಿ ಗೊತ್ತಿಲ್ಲ ಅಂತ ತಿಳ್ಕೊಂಡು ಲೇಅಪ್, ಅಂದ್ರೆ ಓಡ್ಕೊಂಡು ಬಂದು ರಿಂಗ್ ಹತ್ರ ಎಗರಿ ಬಾಲ್ ಹಾಕೋದನ್ನ ಹೇಳ್ಕೊಡಬೇಕು. ಅಷ್ಟು ವರ್ಷ ಆಡಿದ್ದೆ, ನಿದ್ದೆಯಲ್ಲಿ ಎಬ್ಬಿಸಿದ್ರೂ ಲೇಅಪ್ ಹಾಕ್ತಿದ್ದೆ, ಆದ್ರೆ ಬಲಗೈಯಲ್ಲಿ ಹಾಕೋವಾಗ ಮೊದಲು ಬಲಗಾಲು, ಆಮೇಲೆ ಎಡಗಾಲು, ಎಡಗಾಲಲ್ಲಿ ಎಗರೋದು, ಬಲ ಮಂಡಿ ಮೇಲೆತ್ತೋದು, ಬಾಲನ್ನ ಬೋರ್ಡ್‌ನ ಚೌಕದ ಯಾವ ಮೂಲೆಗೆ ಮುಟ್ಟಿಸೋದು ಅಂತ ಒಂದೊಂದಾಗಿ ಬಾಯಲ್ಲಿ ಹೇಳಿ ಅಂದಾಗ ಅಲ್ಲೇ ಲೇಅಪ್ ಹಾಕಿ ಹಾಕಿ ನೋಡ್ಕೊಂಡು ಹೇಳ್ಬೇಕಾಯ್ತು. ಕಾಲಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಅಲ್ಲಿನ ಇನ್‌ಸ್ಟ್ರಕ್ಟರ್ ಒಬ್ಬರು ಹೇಳ್ಕೊಟ್ಟ ಕ್ರಮ ಇವತ್ತಿಗೂ ಬಿಟ್ಟಿಲ್ಲ: ಲೇಅಪ್‌ನ ಓಟದಿಂದ ಶುರು ಮಾಡಬೇಡ, ರಿಂಗ್ ಕೆಳಗಿಂದ ಶುರು ಮಾಡಿ ಹಿಂದಕ್ಕೆ ಬಾ. ಮೊದಲು ನಿಂತಲ್ಲೇ ಬೋರ್ಡ್‌ಗೆ ಮುಟ್ಟಿಸು, ಆಮೇಲೆ ಒಂದು ಹೆಜ್ಜೆ, ಆಮೇಲೆ ಎರಡು ಹೆಜ್ಜೆ, ಆಮೇಲೆ ಒಂದು ಡ್ರಿಬಲ್ (ಬಾಲ್ ನೆಲಕ್ಕೆ ತಟ್ಟೋದು) ಸೇರಿಸು, ಓಟ ಕೊನೆಗೆ. ಹಿಂಗೆ ಮಾಡಿದ್ರೆ ಮಗುಗೆ ಪ್ರತಿ ಹಂತದಲ್ಲೂ ಬಾಸ್ಕೆಟ್ ಬೀಳುತ್ತೆ, ಬಾಸ್ಕೆಟ್ ಬಿದ್ರೆ ಮಗು ನಾಳೆನೂ ಬರುತ್ತೆ.

ಆಮೇಲೆ ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜ್‌ನಲ್ಲಿ ಸಂಜೆ ಹೊತ್ತಿನ ಕೋಚ್ ಆಗಿ ಸೇರ್ಕೊಂಡೆ. ಹೆಸರು ಬೇಡ. ಸಂಬಳ ಅದೊಂದರಲ್ಲೇ ನಡೆಯಲ್ಲ, ಅದಕ್ಕೆ ಬೆಳಗ್ಗೆ ಒಂದು ಸ್ಕೂಲ್, ಏಪ್ರಿಲ್ ಮೇ ಸಮ್ಮರ್ ಕ್ಯಾಂಪ್, ಟೂರ್ನಮೆಂಟ್ ಇದ್ದಾಗ ರೆಫ್ರಿ ಕೆಲಸ. ನನಗೆ ಗೊತ್ತಿರೋ ಜಿಲ್ಲಾ ಕೇಂದ್ರಗಳ ಕೋಚ್‌ಗಳೆಲ್ಲಾ ಹಿಂಗೇ ಹೊಂದಿಸ್ಕೊಂಡು ಹೋಗ್ತಿರೋದು.

ಕಾಲೇಜ್‌ಗೆ ಹೋದಾಗ ಕೋರ್ಟ್ ಇತ್ತು, ಕಾಂಕ್ರೀಟ್ ಕೋರ್ಟ್, ಆದ್ರೆ ಗೆರೆ ಹಳೇವು. ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 2010ರಲ್ಲೇ ರಿಂಗ್ ಕೆಳಗಿನ ಜಾಗವನ್ನ ಓರೆ ಗೆರೆಯ ಆಕಾರದಿಂದ ನೇರ ಆಯತ ಮಾಡ್ತು, ತ್ರೀ ಪಾಯಿಂಟ್ ಗೆರೆಯನ್ನ (ಅದರಾಚೆಯಿಂದ ಹಾಕಿದ್ರೆ ಎರಡರ ಬದಲು ಮೂರು ಪಾಯಿಂಟ್) 6.25 ಮೀಟರ್‌ನಿಂದ 6.75ಕ್ಕೆ ಹಿಂದಕ್ಕೆ ತಳ್ತು. ಇಲ್ಲಿ ಇನ್ನೂ ಬುಡದಲ್ಲಿ 6 ಮೀಟರ್ ಅಗಲ ಇರೋ ಹಳೇ ಓರೆ ಗೆರೆಗಳೇ ಇದ್ವು. ಈ ಕೋರ್ಟ್‌ನಲ್ಲಿ ಕಲ್ತ ಹುಡುಗ ಟೂರ್ನಮೆಂಟ್‌ಗೆ ಹೋಗಿ ತ್ರೀ ಹೊಡೆದ್ರೆ ಗೆರೆ ಮೇಲೆ ಕಾಲಿರುತ್ತೆ, ರೆಫ್ರಿ ಎರಡು ಬೆರಳು ತೋರಿಸ್ತಾರೆ, ಹುಡುಗನ ಮುಖ ಸಣ್ಣಗಾಗುತ್ತೆ. ಅದಕ್ಕೆ ಮೊದಲ ಕೆಲಸ ಗೆರೆ. ಪೇಂಟ್‌ಗೆ ದುಡ್ಡು ಕಾಲೇಜ್ ಕೊಡ್ತು, ಕೂಲಿ ನಾವೇ.

ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಊರಲ್ಲಿ ಯಾರಾದ್ರೂ ಸ್ಕೂಲ್ ಕೋರ್ಟ್ ಮಾಡ್ಸೋರಿದ್ರೆ ಉಪಯೋಗಕ್ಕೆ ಬರಲಿ. ಕೋರ್ಟ್ 28 ಮೀಟರ್ ಉದ್ದ 15 ಅಗಲ, ಇದು ಗೆರೆಯ ಒಳ ಅಂಚಿಂದ ಒಳ ಅಂಚಿಗೆ. ಗೆರೆ ದಪ್ಪ 5 ಸೆಂಟಿಮೀಟರ್. ಬೋರ್ಡ್‌ನ ಮುಖ ಎಂಡ್ ಲೈನ್‌ನಿಂದ 1.20 ಮೀಟರ್ ಒಳಗೆ ಬರಬೇಕು, ರಿಂಗ್‌ನ ನಡುಬಿಂದು 1.575 ಮೀಟರ್ ಒಳಗೆ. ನಾವು ರಿಂಗ್‌ಗೆ ಅಡ್ಡ ಎರಡು ದಾರ ಕಟ್ಟಿ, ಅವು ಸೇರೋ ಕಡೆಯಿಂದ ಇನ್ನೊಂದು ದಾರಕ್ಕೆ ಕಲ್ಲು ಕಟ್ಟಿ ಕೆಳಗೆ ಇಳಿಬಿಟ್ವಿ, ಕಲ್ಲು ಅಲ್ಲಾಡೋದು ನಿಂತ ಮೇಲೆ ಅದರ ಕೆಳಗೆ ಒಂದು ಚುಕ್ಕೆ. ನೋಡಿದ್ರೆ ಒಂದು ಕಡೆ ಕಂಬ ವಾಲ್ಕೊಂಡು ರಿಂಗ್ ಪಕ್ಕಕ್ಕೆ ಸರಿದಿತ್ತು, ಎತ್ತರನೂ 3.05 ಮೀಟರ್ ಇರಲಿಲ್ಲ, ತಗ್ಗಿತ್ತು. ವೆಲ್ಡಿಂಗ್ ಶಾಪಿನವರನ್ನ ಕರೆಸಿ ಅದನ್ನ ಸರಿ ಮಾಡ್ಸಿ, ಮತ್ತೆ ಕಲ್ಲು ಇಳಿಬಿಟ್ಟು ಚುಕ್ಕೆ ಹಾಕಿ, ಆ ಚುಕ್ಕೆ ಮೇಲೆ ಒಬ್ಬ ಹುಡುಗನ್ನ ಕೂರಿಸಿ ದಾರದ ತುದಿ ಅವನ ಕೈಗೆ ಕೊಟ್ಟು, 6.75 ಮೀಟರ್ ಅಳೆದು ಇನ್ನೊಂದು ತುದಿಗೆ ಚಾಕ್ ಕಟ್ಕೊಂಡು ನಾನು ಗಾಣದೆತ್ತಿನ ಥರ ಅರ್ಧ ಸುತ್ತು ಸುತ್ತಿದೆ. ಪಕ್ಕದ ಗೆರೆಯಿಂದ 90 ಸೆಂಟಿಮೀಟರ್ ಹತ್ರ ಬಂದಾಗ ಆ ಬಿಲ್ಲು ನಿಲ್ಲಿಸಿ ಅಲ್ಲಿಂದ ನೇರ ಗೆರೆ ಎಳೀಬೇಕು, ಬಹಳ ಕಡೆ ಇದನ್ನ ಬಿಟ್ಟು ಪೂರ್ತಿ ಸುತ್ತಿಬಿಡ್ತಾರೆ, ಆಗ ಮೂಲೆಯಲ್ಲಿ ಕಾಲಿಡೋಕೆ ಜಾಗ ಸಿಗಲ್ಲ. ಫ್ರೀ ಥ್ರೋ ಗೆರೆಯ ಆಚೆ ಅಂಚು ಎಂಡ್ ಲೈನ್‌ನಿಂದ 5.80 ಮೀಟರ್. ಸಿವಿಲ್ ಬ್ರಾಂಚ್ ಹುಡುಗರು ಟೇಪ್ ಹಿಡಿದು ಕರ್ಣ ಅಳೆದು ಮೂಲೆ ಸರಿ ಇದೆಯಾ ಅಂತ ನೋಡಿದ್ರು. ಸರ್ವೇ ಲ್ಯಾಬ್‌ಗಿಂತ ಇಲ್ಲಿ ಜಾಸ್ತಿ ಕಲ್ತ್ವಿ ಸರ್ ಅಂದ ಒಬ್ಬ. ಅವತ್ತು ಪೇಂಟ್ ಹಚ್ಚಿದ ಹುಡುಗರಲ್ಲಿ ಯಾರೂ ಆಮೇಲೆ ಟೀಮ್ ಬಿಡಲಿಲ್ಲ.

ಈಗ ಮಕ್ಕಳ ವಿಷಯ. ನನಗೆ ಇಡೀ ಕೋಚಿಂಗ್‌ನಲ್ಲಿ ಮುಖ್ಯ ಅನ್ಸಿರೋದು ಇದೇ. ಬೆಂಗಳೂರು, ಮೈಸೂರು, ಮಂಗಳೂರಲ್ಲಿ ಕಾಲೇಜ್‌ಗೆ ಬರೋ ಆಟಗಾರ ಐದಾರನೇ ಕ್ಲಾಸಿಂದ ಬಾಲ್ ತಟ್ಟಿರ್ತಾನೆ. ನಮ್ಮಲ್ಲಿಗೆ ಬರೋ ಮಕ್ಕಳು ಅರಸೀಕೆರೆ, ಹೊಳೆನರಸೀಪುರ, ಚನ್ನರಾಯಪಟ್ಟಣ, ಸಕಲೇಶಪುರ ಕಡೆಯವರು, ಬಹಳ ಜನ ಬ್ಯಾಸ್ಕೆಟ್‌ಬಾಲ್ ಮುಟ್ಟಿರೋದೇ ಇಲ್ಲ. ಹದಿನೆಂಟು ವರ್ಷಕ್ಕೆ ಶುರು ಮಾಡಿದ್ರೆ ಏನ್ ಬರುತ್ತೆ ಅಂತ ನನಗೇ ಬೆಂಗಳೂರಿನ ಗೆಳೆಯರು ಹೇಳಿದ್ರು. ಆದ್ರೆ ಈ ಮಕ್ಕಳು ಖಾಲಿ ಕೈಯಲ್ಲಿ ಬಂದಿರಲ್ಲ ರೀ. ಹುಡುಗೀರು ಹೈಸ್ಕೂಲಲ್ಲಿ ಥ್ರೋಬಾಲ್ ಆಡಿರ್ತಾರೆ, ಹುಡುಗ್ರು ಹುಡುಗೀರು ಇಬ್ಬರೂ ಕಬಡ್ಡಿ ಆಡಿರ್ತಾರೆ, ಖೋಖೋ ಆಡಿರ್ತಾರೆ. ತಾಲ್ಲೂಕು ಮಟ್ಟದ ಪಂದ್ಯಾವಳಿಯಲ್ಲಿ ಧೂಳಲ್ಲಿ ಬರಿಗಾಲಲ್ಲಿ ಆಡಿರೋ ಮೈ ಅದು.

ಥ್ರೋಬಾಲ್ ಹುಡುಗಿ ಹತ್ರ ಏನಿದೆ ನೋಡಿ. ತಲೆ ಮೇಲೆ ಬರೋ ಬಾಲನ್ನ ಎರಡೂ ಕೈಯಲ್ಲಿ ಸದ್ದಾಗದಂಗೆ ಹಿಡೀತಾಳೆ, ಯಾವತ್ತೂ ಬೀಳಿಸಲ್ಲ. ಬೆಂಗಳೂರಿನ ಟೀಮ್‌ಗಳಲ್ಲೂ ಇಷ್ಟು ಚೆನ್ನಾಗಿ ಬಾಲ್ ಹಿಡಿಯೋ ಸೆಂಟರ್‌ಗಳು, ಅಂದ್ರೆ ರಿಂಗ್ ಹತ್ರ ಆಡೋ ಎತ್ತರದವರು, ಕಮ್ಮಿ. ಆದ್ರೆ ಥ್ರೋಬಾಲ್‌ನಲ್ಲಿ ಹಿಡಿದ ಜಾಗದಿಂದಲೇ 3 ಸೆಕೆಂಡ್ ಒಳಗೆ ಎಸೀಬೇಕಲ್ಲ, ಅದಕ್ಕೆ ಹಿಡಿದ ತಕ್ಷಣ ಕಾಲು ನೆಲಕ್ಕೆ ಅಂಟ್ಕೊಂಡುಬಿಡುತ್ತೆ, ಬಾಲ್ ಹಿಡಿದು ಗಾಬರಿಯಲ್ಲಿ ತಕ್ಷಣ ಯಾರಿಗಾದ್ರೂ ಎಸೆದುಬಿಡ್ತಾಳೆ. ಅವಳಿಗೆ ನಾನು ಮೊದಲು ಡ್ರಿಬಲ್ ಹೇಳ್ಕೊಡಲ್ಲ. ಪಿವಟ್ ಹೇಳ್ಕೊಡ್ತೀನಿ. ಒಂದು ಕಾಲು ಊರಿ ಇನ್ನೊಂದು ಕಾಲಲ್ಲಿ ಸುತ್ತ ತಿರುಗೋದು, 5 ಸೆಕೆಂಡ್ ಟೈಮ್ ಇದೆ ಕಣಮ್ಮಾ ನಿನ್ನ ಹತ್ರ, ಮೈಗೆ ಮೈ ತಾಗ್ಸಿ ನಿಂತಿದಾರೆ ಅಂತ ಹೆದರ್ಕೋಬೇಡ, ನೋಡು, ತಿರುಗು, ಮತ್ತೆ ನೋಡು. ಈ ಒಂದು ಕೆಲಸ ಕಲ್ತ ಮೇಲೆ ಥ್ರೋಬಾಲ್ ಆಡಿದ ಎತ್ತರದ ಹುಡುಗಿ ರಿಂಗ್ ಹತ್ರ ನಿಂತ್ಕೊಂಡ್ರೆ ಅವಳ ಕೈಯಿಂದ ಬಾಲ್ ಕಿತ್ಕೊಳೋದು ಯಾರ ಕೈಲೂ ಆಗಲ್ಲ, ಬಾಸ್ಕೆಟ್ ಬೀಳದೆ ವಾಪಸ್ ಬರೋ ಬಾಲ್, ರಿಬೌಂಡ್, ಎಲ್ಲಾ ಅವಳದ್ದೇ.

ಕಬಡ್ಡಿ ಹುಡುಗೀರ ಕಥೆ ಬೇರೆ. ಡಿಫೆನ್ಸ್‌ಗೆ ಮಂಡಿ ಬಗ್ಗಿಸಿ ಕೂತ್ಕೊಂಡು ಪಕ್ಕಕ್ಕೆ ಸರಿಯೋದನ್ನ ಸಿಟಿ ಮಕ್ಕಳಿಗೆ ತಿಂಗಳುಗಟ್ಟಲೆ ಹೇಳ್ಬೇಕು, ಇವರು ಬಂದ ದಿನವೇ ಹಂಗೆ ನಿಲ್ತಾರೆ. ರೈಡರ್ ಸೊಂಟ ನೋಡಿ ಎತ್ತ ಹೋಗ್ತಾಳೆ ಅಂತ ಹೇಳೋದು ಅವರಿಗೆ ಅಭ್ಯಾಸ, ಡ್ರಿಬಲ್ ಮಾಡೋರ ಸೊಂಟನೂ ಹಂಗೇ ನೋಡ್ತಾರೆ, ಬಾಲ್ ಕಡೆ ನೋಡಿ ಮೋಸ ಹೋಗಲ್ಲ. ಒಬ್ಬಳನ್ನ ದಾಟಿದ್ರೆ ಪಕ್ಕದವಳು ಬಂದು ಮುಚ್ಚೋದೂ ಗೊತ್ತು, ನಮ್ಮ ಕೋರ್ಟ್‌ನಲ್ಲಿ ಕೂಗೋದೂ ಕವರ್, ಕಾರ್ನರ್ ಅಂತಲೇ. ಕಷ್ಟ ಇರೋದು ಕೈಯಲ್ಲಿ. ಹತ್ರ ಬಂದವರನ್ನ ಹಿಡಿದುಬಿಡ್ತಾರೆ! ಸೊಂಟಕ್ಕೆ ಕೈ, ತೊಡೆಗೆ ಕೈ, ವಿಸಿಲ್ ಮೇಲೆ ವಿಸಿಲ್, ಬ್ಯಾಸ್ಕೆಟ್‌ಬಾಲ್‌ನಲ್ಲಿ 5 ಫೌಲ್ ಆದ್ರೆ ಹೊರಗೆ. ಅದಕ್ಕೆ ಟವಲ್ ಕೊಡ್ತೀನಿ. ಕತ್ತಿನ ಹಿಂದೆ ಟವಲ್ ಹಾಕಿ ಎರಡು ತುದಿ ಎರಡು ಕೈಯಲ್ಲಿ ಹಿಡ್ಕೊಂಡು, ಬರೀ ಕಾಲಲ್ಲಿ ಎದುರಾಳಿಯನ್ನ ತಡೀಬೇಕು. ಅರಸೀಕೆರೆ ಕಡೆಯ ಒಬ್ಬಳು ಹುಡುಗಿ ಇದ್ಳು, ಜಿಲ್ಲೆಗೆ ಕಬಡ್ಡಿ ಆಡಿದವಳು, ಮೊದಲ ವಾರ ಟವಲ್ ಕೊಟ್ಟಾಗ ಸಿಟ್ಟು ಬಂದು ಅಳೋ ಹಂಗಾಗಿದ್ಳು, ಕೈ ಕಟ್ಟಿದ್ರೆ ಹೆಂಗ್ ಸರ್ ಆಡೋದು ಅಂತ. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಹುಡುಗರ ಟೀಮ್‌ನ ಗಾರ್ಡ್‌ಗಳು ಅವಳ ಎದುರು ಡ್ರಿಬಲ್ ಮಾಡೋಕೆ ಹಿಂದೆ ಮುಂದೆ ನೋಡ್ತಿದ್ರು. ಎದೆ ಅಡ್ಡ ಕೊಟ್ಟು ನಿಲ್ತಾಳೆ, ಕೈ ಮೇಲೆ.

ಹೊರಗಡೆ ದೇಶದಲ್ಲಿ ಆಡಿ ಆಮೇಲೆ ಕಾಲೇಜ್ ಕೋಚ್ ಆದವರನ್ನ ನಾನು ಬಿಡದೆ ನೋಡ್ತೀನಿ. ಡಾನ್ ಸ್ಟೇಲಿ ಅಂತ, ಅಮೆರಿಕದ ಪಾಯಿಂಟ್ ಗಾರ್ಡ್, 1996, 2000, 2004 ಮೂರೂ ಒಲಿಂಪಿಕ್ಸ್ ಚಿನ್ನ. 2000ದಲ್ಲಿ ಟೆಂಪಲ್ ಯೂನಿವರ್ಸಿಟಿ ಕೋಚ್ ಆದ್ರು, ಆದ್ರೂ 2006ರವರೆಗೆ ಅಲ್ಲಿನ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ಆಡ್ತಾನೇ ಇದ್ರು, ಆಡೋದೂ ಕಲ್ಸೋದೂ ಒಟ್ಟಿಗೆ. 2008ರಲ್ಲಿ ಸೌತ್ ಕೆರೊಲಿನಾಗೆ ಹೋಗಿ 2017, 2022, 2024ರಲ್ಲಿ ನ್ಯಾಷನಲ್ ಟೈಟಲ್, 2024ರಲ್ಲಂತೂ 38 ಮ್ಯಾಚ್‌ಗೆ 38 ಗೆಲುವು. ಪ್ಯಾಟ್ರಿಕ್ ಯೂಯಿಂಗ್ ಎನ್‌ಬಿಎಯಲ್ಲಿ ಎಂಥ ಸೆಂಟರ್, ತಾನು ಓದಿದ ಜಾರ್ಜ್‌ಟೌನ್‌ಗೇ 2017ರಲ್ಲಿ ಕೋಚ್ ಆಗಿ ಹೋದ್ರು, 2023ರಲ್ಲಿ ಬಿಡಬೇಕಾಯ್ತು, ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಎಷ್ಟು ದೊಡ್ಡದಾಗಿ ಆಡಿದ್ರು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂತ ನನ್ನ ಅಭಿಪ್ರಾಯ. ಇವರೆಲ್ಲರಿಗಿಂತ ಹಳಬರು ಜಾನ್ ವುಡನ್. ಅವರೂ ದುಡ್ಡಿಗೆ ಆಡಿದವರೇ, ಆಮೇಲೆ ಯುಸಿಎಲ್ಎ ಕೋಚ್ ಆಗಿ 1964ರಿಂದ 1975ರ ಒಳಗೆ 10 ನ್ಯಾಷನಲ್ ಟೈಟಲ್ ಗೆದ್ರು. ಅವರು ಸೀಸನ್ ಮೊದಲನೇ ದಿನ ಹುಡುಗರನ್ನ ಕೂರಿಸಿ ಸಾಕ್ಸ್ ಹೆಂಗೆ ಹಾಕೋದು ಅಂತ ಹೇಳ್ಕೊಡ್ತಿದ್ರಂತೆ, ಸುಕ್ಕು ಇದ್ರೆ ಬೊಬ್ಬೆ ಬರುತ್ತೆ, ಬೊಬ್ಬೆ ಬಂದ್ರೆ ಪ್ರಾಕ್ಟೀಸ್ ತಪ್ಪುತ್ತೆ.

ನಾನೂ ಹಂಗೇ ಮಾಡ್ತೀನಿ, ಇಲ್ಲಿ ಅದಕ್ಕೆ ಇನ್ನೂ ಜಾಸ್ತಿ ಕಾರಣ ಇದೆ. ಮಕ್ಕಳು ಬರೋದು ಕ್ಯಾನ್ವಾಸ್ ಶೂನಲ್ಲಿ, ಇಲ್ಲಾ ಅಣ್ಣನ ಹಳೇ ರನ್ನಿಂಗ್ ಶೂನಲ್ಲಿ. ರನ್ನಿಂಗ್ ಶೂ ನೇರ ಓಡೋಕೆ ಮಾಡಿರೋದು, ಪಕ್ಕಕ್ಕೆ ಕಾಲಿಟ್ರೆ ಪಾದ ಹೊರಳುತ್ತೆ. ಕಾಂಕ್ರೀಟ್ ಮೇಲೆ ಎಗರಿ ಎಗರಿ ಮೊಣಕಾಲು ಹಾಳಾಗೋದನ್ನ ನಾನು ನನ್ನ ಮೈಯಲ್ಲೇ ನೋಡಿದೀನಿ, ಈ ಆಟದಲ್ಲಿ ಮೊಣಕಾಲೊಳಗಿನ ಲಿಗಮೆಂಟ್ ಎಸಿಎಲ್ ಹರಿಯೋ ಅಪಾಯ ಹುಡುಗರಿಗಿಂತ ಹುಡುಗೀರಿಗೆ ಜಾಸ್ತಿ. ಅದಕ್ಕೆ ಪ್ರತಿದಿನ ವಾರ್ಮ್‌ಅಪ್‌ನಲ್ಲಿ ಲ್ಯಾಂಡಿಂಗ್ ಡ್ರಿಲ್, ಎಗರಿ ಎರಡು ಕಾಲ ಮೇಲೆ ಮೆತ್ತಗೆ ಇಳಿಯೋದು, ಮಂಡಿ ಒಳಗೆ ಬಾಗದೆ ಕಾಲ್ಬೆರಳ ನೇರಕ್ಕೆ ಇರಬೇಕು. ಬೋರ್ ಆಗುತ್ತೆ ಅಂತಾರೆ, ಆದ್ರೂ ಬಿಡಲ್ಲ. ಬಾಲ್ ವಿಷಯನೂ ಇಂಥದ್ದೇ, ಸ್ಟೋರ್‌ರೂಮ್‌ನಲ್ಲಿ ಇದ್ದಿದ್ದೆಲ್ಲಾ ಹುಡುಗರ 7ನೇ ಸೈಜು, ಹುಡುಗೀರಿಗೆ ಬೇಕಿರೋದು 6ನೇ ಸೈಜು, ಅದು ಸ್ವಲ್ಪ ಚಿಕ್ಕದು, ಹಗುರ. ದೊಡ್ಡ ಬಾಲಲ್ಲಿ ಕಲ್ತ್ರೆ ಶೂಟ್ ಮಾಡೋವಾಗ ಭುಜದಿಂದ ಎಸೆಯೋ ಅಭ್ಯಾಸ ಬಂದುಬಿಡುತ್ತೆ. ಬೇರೆ ಬಾಲ್ ತರ್ಸೋಕೆ ಲೆಟರ್ ಬರೆದು, ಕೊಟೇಷನ್ ಹಾಕಿ, ಫೈಲ್ ಹಿಂದೆ ಓಡಾಡಿದ್ದು ಬೇರೆ. ಕೋಚ್ ಕೆಲಸದಲ್ಲಿ ಅರ್ಧ ಇಂಥದ್ದೇ.

ಊಟದ ಬಗ್ಗೆ ನಾನು ಪ್ರೋಟೀನ್ ಪೌಡರ್ ಹೇಳೋನಲ್ಲ. ಮುದ್ದೆ, ಹುರಳಿ ಸಾರು, ಮೊಟ್ಟೆ, ನೆನೆಸಿದ ಕಡ್ಲೇಕಾಯಿ ಬೀಜ, ಬಾಳೆಹಣ್ಣು, ಇಷ್ಟು ಹೊತ್ತೊತ್ತಿಗೆ ತಿಂದ್ರೆ ಕಾಲೇಜ್ ಮಟ್ಟಕ್ಕೆ ಸಾಕು. ತೊಂದರೆ ಏನಂದ್ರೆ ಹಾಸ್ಟೆಲ್‌ನಲ್ಲಿ ಬೆಳಗ್ಗೆ ತಿಂಡಿ ಬಿಟ್ಟು ಸಂಜೆವರೆಗೂ ಟೀ ಬಿಸ್ಕತ್ತಲ್ಲಿ ಇದ್ದು ಪ್ರಾಕ್ಟೀಸ್‌ಗೆ ಬರ್ತಾರೆ. ಬಂದವರಿಗೆ ಮೊದಲು ಕೇಳೋದು, ಮಧ್ಯಾಹ್ನ ಏನ್ ತಿಂದೆ.

ಇನ್ನು ಕ್ಯಾಲೆಂಡರ್. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಹೊರಗಿನ ಕೋರ್ಟ್ ಮೇಲೆ ಪಾಚಿ ಕಟ್ಟುತ್ತೆ, ಆಡ್ಸಿದ್ರೆ ಜಾರಿ ಬೀಳ್ತಾರೆ, ಅದಕ್ಕೆ ಕಾರಿಡಾರ್‌ನಲ್ಲಿ ಡ್ರಿಬಲ್, ಮೆಟ್ಟಿಲ ಮೇಲೆ ಓಟ, ಖಾಲಿ ಕ್ಲಾಸ್‌ರೂಮ್ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಮೂವ್‌ಗಳು. ಹೊಲ ಇರೋ ಮನೆ ಮಕ್ಕಳು ಆಲೂಗೆಡ್ಡೆ ಬಿತ್ತನೆ ಟೈಮಲ್ಲಿ ಊರಿಗೆ ಹೋಗ್ತಾರೆ, ಸಕಲೇಶಪುರ ಕಡೆಯವರು ಕಾಫಿ ಕುಯ್ಲಿಗೆ ಹೋಗ್ತಾರೆ, ಬೇಡ ಅನ್ನೋಕಾಗಲ್ಲ, ಅನ್ನಲೂ ಬಾರದು, ಆ ಮನೆ ನಡೆಯೋದೇ ಅದರಿಂದ. ದೀಪಾವಳಿ ಹತ್ರ ಹಾಸನಾಂಬ ಬಾಗಿಲು ತೆಗೆದ್ರೆ ಊರಲ್ಲಿ ಬಸ್ ಹತ್ತೋಕೂ ಆಗಲ್ಲ. ನಡುವೆ ಇಂಟರ್ನಲ್ಸ್, ಲ್ಯಾಬ್, ವಿಟಿಯು ಅಂದ್ರೆ ಶೇ. 85 ಅಟೆಂಡೆನ್ಸ್. ಹಿಂಗೆ ಕಳೆದು ಉಳಿಯೋ ಸಂಜೆಗಳಲ್ಲಿ ಟೀಮ್ ಕಟ್ಟಬೇಕು.

ಹುಡುಗೀರ ಅಪ್ಪ ಅಮ್ಮಂದಿರ ಹತ್ರ ಮಾತಾಡೋದೂ ನನ್ನ ಕೆಲಸವೇ. ಆ ಕಬಡ್ಡಿ ಹುಡುಗಿ ಅಪ್ಪ ಒಂದಿನ ಕಾಲೇಜ್‌ಗೇ ಬಂದ್ರು. "ಸಾರ್, ಮಗಳು ಓದೋಕ್ ಬಂದವ್ಳೆ, ಕತ್ತಲಾದ್ಮೇಲೆ ಬಸ್ಸು ಇಳ್ದು ಅವಳು ಒಬ್ಳೇ ಬರ್ಬೇಕು, ಅದ್ಕೆ ನೀವ್ ಜವಾಬ್ದಾರಿನಾ?" ಅಂದ್ರು. ಜೋರಾಗೇನೂ ಅಲ್ಲ, ಕೈ ಕಟ್ಕೊಂಡು ನಿಂತು ಕೇಳಿದ್ರು. ನಾನು ಅವರನ್ನ ಕೂರಿಸಿ ಟೀ ತರ್ಸಿ, "ಅಣ್ಣಾ, ನೀವು ಕೇಳೋದು ನ್ಯಾಯ, ಐದೂಮುಕ್ಕಾಲಿಗೆ ಅವಳನ್ನ ಬಿಡ್ತೀನಿ, ಬಸ್ ಹತ್ತಿದ್ಮೇಲೆ ನಿಮಗೆ ಫೋನ್ ಮಾಡ್ಸ್ತೀನಿ" ಅಂದೆ. ಆವತ್ತು ಅವರು ಅರ್ಧ ಗಂಟೆ ಕೋರ್ಟ್ ಪಕ್ಕ ನಿಂತು ಆಟ ನೋಡಿ ಹೋದ್ರು. ಅವಳ ಪ್ರಾಕ್ಟೀಸ್ ಅವತ್ತಿಂದ ಬಸ್ ಟೈಮ್‌ಗೆ ತಕ್ಕಂಗೆ, ಅವಳು ಹೋದ್ಮೇಲೆ ಉಳಿದವರಿಗೆ ಶೂಟಿಂಗ್.

ಮ್ಯಾಚ್ ದಿನ ಕೋಚ್ ಕೈಯಲ್ಲಿ ಇರೋದು ಬಹಳ ಕಮ್ಮಿ. ಮೊದಲ ಹಾಫ್‌ಗೆ 2 ಟೈಮ್‌ಔಟ್, ಎರಡನೇ ಹಾಫ್‌ಗೆ 3, ಒಂದೊಂದೂ 1 ನಿಮಿಷ. ಮಕ್ಕಳು ಬಂದು ಕೂತು ನೀರು ಕುಡಿದು ಉಸಿರು ತಗೊಳೋಷ್ಟರಲ್ಲಿ ಅರ್ಧ ಹೋಗಿರುತ್ತೆ. ಆಡ್ತಿದ್ದಾಗ ನಮ್ಮ ಕೋಚ್‌ಗಳು ಆ ನಿಮಿಷದಲ್ಲಿ ಹತ್ತು ವಿಷಯ ಹೇಳ್ತಿದ್ರು, ನಮಗೆ ಒಂದೂ ಕೇಳಿಸ್ತಿರಲಿಲ್ಲ. ನಾನು ಒಂದೇ ಹೇಳ್ತೀನಿ, ಹೇಳಿದ್ದನ್ನ ಒಬ್ಬಳ ಕೈಲಿ ವಾಪಸ್ ಹೇಳ್ಸ್ತೀನಿ. ನಮ್ಮ ಹುಡುಗೀರು ವಲಯದ ಅಂತರ ಕಾಲೇಜು ಟೂರ್ನಮೆಂಟ್‌ಗೆ ಮೊದಲ ಸಲ ಹೋದಾಗ ಎದುರಿಗಿದ್ದಿದ್ದು ಚಿಕ್ಕಂದಿನಿಂದ ಆಡಿರೋ ಸಿಟಿ ಟೀಮ್. ಮೊದಲ ಕ್ವಾರ್ಟರ್‌ನಲ್ಲಿ ನಮ್ಮವರಿಗೆ ಬಾಲನ್ನ 8 ಸೆಕೆಂಡ್ ಒಳಗೆ ನಡುಗೆರೆ ದಾಟ್ಸೋದೇ ಕಷ್ಟವಾಯ್ತು. ಟೈಮ್‌ಔಟ್ ತಗೊಂಡು ಹೇಳಿದ್ದು ಇಷ್ಟೇ, ಡ್ರಿಬಲ್ ಬೇಡ, ಥ್ರೋಬಾಲ್ ಕೈ ಇದೆಯಲ್ಲ, ಉದ್ದ ಪಾಸ್ ಹಾಕಿ, ಮುಂದೆ ಇರೋಳು ಹಿಡಿದು ಪಿವಟ್ ಮಾಡಲಿ. ಆಮೇಲೆ ಆಟವೇ ಬೇರೆ ಆಯ್ತು. ತಲೆ ಮೇಲೆ ಹೋಗೋ ಪಾಸ್‌ನ ತಡಿಯೋದು ಎದುರಿನವರಿಗೆ ಅಭ್ಯಾಸ ಇರಲಿಲ್ಲ. ಕಬಡ್ಡಿ ಹುಡುಗಿ ಅವರ ಮುಖ್ಯ ಗಾರ್ಡ್‌ನ ಹಿಂದೆ ನೆರಳಿನಂಗೆ ಬಿದ್ಳು, ನಾಲ್ಕು ಫೌಲ್ ಆಗಿದ್ರೂ ಕೊನೆ ಕ್ವಾರ್ಟರ್ ಪೂರ್ತಿ ಕೈ ಮುಟ್ಟಿಸದೆ ಆಡಿದ್ಳು. ಸೋತ್ವಿ, ಆದ್ರೆ ಆ ಟೀಮ್‌ನ ಕೋಚ್ ಮ್ಯಾಚ್ ಆದ್ಮೇಲೆ ಬಂದು ಈ ಹುಡುಗಿ ಯಾವ ಸ್ಕೂಲಲ್ಲಿ ಆಡಿದ್ದು ಅಂತ ಕೇಳಿದ್ರು. ಕಬಡ್ಡಿ ಅಂದೆ. ನಂಬಲಿಲ್ಲ. ಅವಳೇ ಬಂದು ಹೌದು ಸರ್ ಅಂದಾಗ ನಂಬಿದ್ರು.

ಹುಡುಗರ ಟೀಮ್ ಬಗ್ಗೆ ಕಮ್ಮಿ ಬರೆದೆ, ಅವರದ್ದೇ ಬೇರೆ ಸಮಸ್ಯೆ, ಮೊಬೈಲಲ್ಲಿ ಎನ್‌ಬಿಎ ನೋಡಿ, ಹಿಂದಕ್ಕೆ ಹೆಜ್ಜೆ ಇಟ್ಟು ಶೂಟ್ ಮಾಡೋ ಸ್ಟೆಪ್‌ಬ್ಯಾಕ್ ಹೊಡೀತಾರೆ, ಫಿಬಾ 2017ರಿಂದ ಓಡ್ತಾ ಬಾಲ್ ಹಿಡಿಯೋವಾಗಿನ ಹೆಜ್ಜೆಯನ್ನ ಸೊನ್ನೆ ಅಂತ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದೆ ನಿಜ, ಆದ್ರೆ ಅದಾದ್ಮೇಲೆ ಎರಡೇ ಹೆಜ್ಜೆ ಕಣ್ರೋ ಅಂತ ದಿನಾ ಹೇಳ್ಬೇಕು.

ಆಡ್ತಿರೋ ಹುಡುಗ್ರಿಗೆ ಮತ್ತೆ ಹೇಳ್ತೀನಿ, ಕಾಂಟ್ರಾಕ್ಟ್ ನಡೀತಿರೋವಾಗಲೇ ಬಿ.ಪಿ.ಎಡ್, ಎಂ.ಪಿ.ಎಡ್ ದಾರಿ ನೋಡ್ಕೊಳಿ, ಮೂವತ್ತೈದಕ್ಕೆ ಪುಸ್ತಕ ಹಿಡಿಯೋದು ಇಪ್ಪತ್ತೆರಡಕ್ಕೆ ಹಿಡಿದಂಗಲ್ಲ. ನಾನು ಈಗ ಎಂ.ಪಿ.ಎಡ್ ಸೇರೋ ದಾರಿ ಹುಡುಕ್ತಿದೀನಿ. ಇನ್ನೊಂದು ಮಾತು, ನಾನು ಗಾರ್ಡ್ ಆಗಿ ಆಡಿದವನು, ರಿಂಗ್‌ಗೆ ಬೆನ್ನು ಮಾಡಿ ಆಡೋ ಪೋಸ್ಟ್ ಆಟ ನನಗೆ ನೋಡಿ ಗೊತ್ತು, ಆಡಿ ಗೊತ್ತಿಲ್ಲ. ನಮ್ಮಲ್ಲಿ ಈ ವರ್ಷ ಇಬ್ಬರು ಎತ್ತರದ ಹುಡುಗೀರು, ಒಬ್ಬ ಆರಡಿ ಮೂರಿಂಚಿನ ಹುಡುಗ ಇದಾರೆ, ಮೂರು ಜನಕ್ಕೂ ಕೈ ಒಳ್ಳೇದಿದೆ. ಹಾಸನ ಸುತ್ತಮುತ್ತ ಸೆಂಟರ್ ಆಗಿ ಆಡಿದವರು ಯಾರಾದ್ರೂ ಇದ್ರೆ, ಬ್ಯಾಂಕಲ್ಲೋ ಪೊಲೀಸಲ್ಲೋ ಕೆಲಸದಲ್ಲಿರಬಹುದು, ವಾರಕ್ಕೆ ಒಂದು ಸಂಜೆ ಬಿಡುವು ಮಾಡ್ಕೊಂಡು ಬನ್ನಿ. ಐದು ಗಂಟೆಗೆ ಶುರು, ಮಳೆ ಇದ್ರೆ ಕಾರಿಡಾರ್‌ನಲ್ಲಿರ್ತೀವಿ. ಶೂ ತನ್ನಿ, ಬಾಲ್ ನಮ್ಮತ್ರ ಇದೆ.